ಹೆಡ್ ಇಳಿಸುವ ಮುಂಚೆ: ಹಳೆ ಮಾರುತಿ 800ರಲ್ಲಿ ಗ್ಯಾಸ್ಕೆಟ್ ಹೋಗಿದೆಯಾ ಅಂತ ನೋಡುವುದು ಹೇಗೆ

ಕಾರ್ಬೊರೇಟರ್ ಕಾಲದ ಮಾರುತಿ 800 ಇಟ್ಟುಕೊಂಡವರು ಒಂದಲ್ಲ ಒಂದು ದಿನ ಈ ಮಾತು ಕೇಳಿಯೇ ಕೇಳುತ್ತಾರೆ: "ಸಾರ್, ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಳಿಸ್ಬೇಕು." ನೀರು ಕಡಿಮೆಯಾದರೂ ಅದೇ ಮಾತು. ಗಾಡಿ ಬಿಸಿಯಾದರೂ ಅದೇ. ಬೆಳಗ್ಗೆ ಸೈಲೆನ್ಸರ್‌ನಲ್ಲಿ ಬಿಳಿ ಹೊಗೆ ಬಂದರೂ ಅದೇ. ಹೆಡ್ ಅಂದರೆ ಇಂಜಿನ್‌ನ ಮೇಲ್ಭಾಗ; ಅದನ್ನು ಇಳಿಸಿದರೆ ಗ್ಯಾಸ್ಕೆಟ್ ಒಂದರಲ್ಲಿ ಮುಗಿಯುವುದಿಲ್ಲ. ಲೇತ್ ಕೆಲಸ, ಟೈಮಿಂಗ್ ಬೆಲ್ಟ್, ಕೂಲೆಂಟ್, ಆಯಿಲ್, ಮಜೂರಿ ಎಲ್ಲ ಸೇರಿಕೊಳ್ಳುತ್ತದೆ. ಅದಕ್ಕೇ ನಾನು ಒಂದೇ ಲಕ್ಷಣ ನಂಬಿ ಹೆಡ್ ಮುಟ್ಟಲು ಬಿಡುವುದಿಲ್ಲ. ಬೇರೆ ಬೇರೆ ಎರಡು ಪರೀಕ್ಷೆ ಒಂದೇ ಉತ್ತರ ಕೊಡಬೇಕು.

ನನ್ನದು 1997ರ ಗಾಡಿ. ನಾನಿರುವುದು ತೀರ್ಥಹಳ್ಳಿಯಲ್ಲಿ, ಮಗಳ ಮನೆ ಉಡುಪಿಯಲ್ಲಿ. ಹಾಗಾಗಿ ಆಗುಂಬೆ ಘಾಟಿ ತಪ್ಪಿದ್ದಲ್ಲ. ಇಳಿಯುವಾಗ ಏನೂ ಗೊತ್ತಾಗುವುದಿಲ್ಲ. ವಾಪಸ್ ಸೋಮೇಶ್ವರದಿಂದ ಹತ್ತುವಾಗ ಆ 14 ತಿರುವುಗಳಲ್ಲಿ ಕೂಲಿಂಗ್ ಸಿಸ್ಟಮ್‌ನ ಜಾತಕ ಬಯಲಾಗುತ್ತದೆ.

ಇಂಜಿನ್ ಬ್ಲಾಕಿಗೂ ಮೇಲಿನ ಹೆಡ್‌ಗೂ ನಡುವೆ ಕೂರುವುದೇ ಈ ಗ್ಯಾಸ್ಕೆಟ್. ಉರಿಯುವ ಗ್ಯಾಸು, ನೀರು, ಆಯಿಲ್ ಮೂರೂ ಒಂದರ ದಾರಿಗೆ ಇನ್ನೊಂದು ಬರದಂತೆ ತಡೆಯುವುದು ಇದರ ಕೆಲಸ. 800ರ ಹೆಡ್ ಅಲ್ಯೂಮಿನಿಯಂ. ಗಾಡಿ ಕುದಿಯುತ್ತಿದ್ದರೂ ಓಡಿಸಿದರೆ ಹೆಡ್ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಮೇಲಿನ ಒತ್ತಡ ಸಡಿಲವಾಗುತ್ತದೆ. ಸಿಲಿಂಡರಿನ ಗ್ಯಾಸು ನೀರಿಗೆ ನುಗ್ಗಬಹುದು, ನೀರು ಸಿಲಿಂಡರಿಗೆ ಇಳಿಯಬಹುದು, ಆಯಿಲ್‌ಗೆ ಸೇರಬಹುದು, ಅಥವಾ ಪಕ್ಕಪಕ್ಕದ ಎರಡು ಸಿಲಿಂಡರ್ ಒಂದಕ್ಕೊಂದು ಸೋರಬಹುದು. ದಾರಿ ಬೇರೆಯಾದರೆ ಲಕ್ಷಣವೂ ಬೇರೆ. ಅದಕ್ಕೇ "ಆಯಿಲ್ ಚೆನ್ನಾಗಿದೆ, ಗ್ಯಾಸ್ಕೆಟ್ ಸರಿಯಿದೆ" ಅನ್ನುವ ಮಾತೂ ಪೂರ್ತಿ ನಿಜವಲ್ಲ.

ಮೊದಲು ಅಗ್ಗದ ಅನುಮಾನಗಳನ್ನು ಮುಗಿಸಿ. ಶುರು ರೇಡಿಯೇಟರ್ ಕ್ಯಾಪ್‌ನಿಂದ. ಅದರ ಮೇಲೆ 0.9 ಅಂತ ಬರೆದಿರುತ್ತದೆ. ಒಳಗೆ ಅಷ್ಟು ಒತ್ತಡ ನಿಂತರೆ ನೀರು ಸುಮಾರು 118 ಡಿಗ್ರಿವರೆಗೂ ಕುದಿಯುವುದಿಲ್ಲ. ಕ್ಯಾಪಿನ ರಬ್ಬರ್ ಸತ್ತಿದ್ದರೆ 100ರೊಳಗೇ ಕುದಿಯುತ್ತದೆ. ಬೆಂಗಳೂರಿನ ಎತ್ತರದಲ್ಲಿ 97ಕ್ಕೇ. ಕುದಿದ ನೀರು ರಿಸರ್ವ್ ಬಾಟಲಿಗೆ ಹೋಗಿ ಹೊರಗೆ ಚೆಲ್ಲುತ್ತದೆ. ನೋಡಿದವರು ಗ್ಯಾಸ್ಕೆಟ್ ಅನ್ನುತ್ತಾರೆ. ಹಳೆ ಕ್ಯಾಪ್ ಆಗಿದ್ದರೆ ಸುಮ್ನೆ ಬದಲಾಯಿಸಿಬಿಡಿ, ಅದರ ಮೇಲೆ ಚರ್ಚೆ ಬೇಡ. ಫ್ಯಾನ್ ತಿರುಗುತ್ತದೆಯಾ, ರೇಡಿಯೇಟರ್ ಬೋರ್‌ವೆಲ್ ನೀರಿನ ಸುಣ್ಣದಿಂದ ಕಟ್ಟಿದೆಯಾ ನೋಡಿ. ಹೀಟರ್ ಇದ್ದರೆ ಮುಂದಿನ ಕಾರ್ಪೆಟ್ ಮುಟ್ಟಿ ನೋಡಿ, ಒದ್ದೆಯಾಗಿದ್ದರೆ ನೀರು ಹೋಗುತ್ತಿರುವುದು ಅಲ್ಲಿಂದ.

ವಾಟರ್ ಪಂಪ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನಮ್ಮ ಪಕ್ಕದ ಮನೆಯ ಭಟ್ಟರ ಗಾಡಿಯಲ್ಲಿ ನೀರು ಮಾಯವಾಗುತ್ತಿತ್ತು, ನೆಲದ ಮೇಲೆ ಒಂದು ಹನಿಯೂ ಇಲ್ಲ. ಒಂದು ಗ್ಯಾರೇಜಿನಲ್ಲಿ ನಿಂತ ನಿಲುವಿನಲ್ಲೇ ಹೆಡ್ ಇಳಿಸಬೇಕು ಎಂದರು. ಟಾರ್ಚ್ ಹಿಡಿದು ನೋಡಿದರೆ ಪಂಪಿನ ಕೆಳಗಿನ ಸಣ್ಣ ತೂತಿನ ಸುತ್ತ ಹಸಿರು ಕಲೆ ಒಣಗಿ ಅಂಟಿತ್ತು. ಒತ್ತಡ ಏರಿದಾಗ ಮಾತ್ರ ಸೋರುತ್ತಿತ್ತು, ಬಿಸಿ ಇಂಜಿನ್ ಮೇಲೆ ಬಿದ್ದು ಅಲ್ಲೇ ಆರುತ್ತಿತ್ತು. ಪಂಪ್ ಬದಲಾಯಿಸಿದ ಮೇಲೆ ನೀರು ಇಳಿಯಲಿಲ್ಲ.

ಈಗ ನಿಜವಾದ ಪರೀಕ್ಷೆ. ರಾತ್ರಿಯಿಡೀ ನಿಂತ ಗಾಡಿಯಲ್ಲೇ ಮಾಡಿ. ಬಿಸಿ ಇಂಜಿನ್‌ನ ಕ್ಯಾಪ್ ತೆಗೆದರೆ ಮುಖ, ಕೈ ಬೇಯುತ್ತದೆ, ಇದರಲ್ಲಿ ಧೈರ್ಯ ತೋರಿಸಬೇಡಿ.

ಬೆಳಗ್ಗೆ ತಣ್ಣಗಿರುವಾಗ ಕ್ಯಾಪ್ ತಿರುಗಿಸಿ. ಇಡೀ ರಾತ್ರಿ ನಿಂತ ಮೇಲೂ ಜೋರಾಗಿ "ಸುಸ್" ಅಂದರೆ ಒಳಗೆ ಗ್ಯಾಸು ಸೇರಿಕೊಂಡಿದೆ ಎಂಬ ಅನುಮಾನ ಇಟ್ಟುಕೊಳ್ಳಿ. ವಾಟರ್ ಪಂಪ್ ತಿರುಗಿಸುವ ಫ್ಯಾನ್ ಬೆಲ್ಟ್ ಕಳಚಿ, ಪಂಪ್ ನೀರು ಕಲಕದಿರಲಿ. ರೇಡಿಯೇಟರ್ ಬಾಯಿವರೆಗೆ ನೀರು ತುಂಬಿಸಿ ಸ್ಟಾರ್ಟ್ ಮಾಡಿಸಿ. ಮೊದಲು ಒಂದೆರಡು ಗುಳ್ಳೆ ಬಂದರೆ ಒಳಗೆ ಸಿಕ್ಕಿಕೊಂಡ ಗಾಳಿ ಇರಬಹುದು. ಬಿಡದೆ ಬರುತ್ತಿದ್ದರೆ, ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿಯಾದರೆ, ಅದು ಸಿಲಿಂಡರಿನ ಗ್ಯಾಸು. ಒಂದು ನಿಮಿಷ ಸಾಕು, ಆಫ್ ಮಾಡಿ. ಬೆಲ್ಟ್ ಇಲ್ಲದೆ ಹೆಚ್ಚು ಹೊತ್ತು ಓಡಿಸುವಂತಿಲ್ಲ.

ಬೆಲ್ಟ್ ಬಿಚ್ಚಲು ಬೇಸರವಾದರೆ ಕ್ಯಾಪ್ ಹಾಕಿ ಸ್ಟಾರ್ಟ್ ಮಾಡಿ ರೇಡಿಯೇಟರಿನ ಮೇಲಿನ ಹೋಸ್ ಪೈಪ್ ಅಮುಕಿ ನೋಡಿ. ಫ್ಯಾನ್ ಕಡೆಗೆ ಕೈ ಹೋಗದಿರಲಿ. ಇಂಜಿನ್ ಇನ್ನೂ ತಣ್ಣಗಿರುವಾಗಲೇ ಒಂದೆರಡು ನಿಮಿಷದಲ್ಲಿ ಪೈಪ್ ಬಿಗಿದು ಗಟ್ಟಿಯಾದರೆ ಆ ಒತ್ತಡ ಬಿಸಿಯಿಂದ ಬಂದದ್ದಲ್ಲ.

ಇನ್ನು ಆಯಿಲ್. ಮುಚ್ಚಳದ ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ಕೆನೆ ಕಂಡ ಕೂಡಲೇ ಗಾಬರಿಯಾಗಬೇಡಿ. ಮಲೆನಾಡಿನ ಮಳೆಗಾಲದಲ್ಲಿ ಮನೆಯಿಂದ ಪೇಟೆಗೆ ಮಾತ್ರ ಓಡುವ ಗಾಡಿಯಲ್ಲಿ ಇದು ಮಾಮೂಲು. ಇಂಜಿನ್ ಪೂರ್ತಿ ಬಿಸಿಯಾಗದೆ ಒಳಗಿನ ಹಬೆ ಅಲ್ಲೇ ನೀರಾಗುತ್ತದೆ. ಆಯಿಲ್ ಮಟ್ಟ ನೋಡುವ ಕಡ್ಡಿ, ಡಿಪ್‌ಸ್ಟಿಕ್ ನೋಡಿ. ಅದರಲ್ಲೂ ಅದೇ ಬಣ್ಣ, ಮೇಲಾಗಿ ಮಟ್ಟವೂ ಏರಿದ್ದರೆ ಆಯಿಲ್‌ಗೆ ನೀರು ಸೇರಿದೆ. ಆ ಗಾಡಿಯನ್ನು ಸ್ಟಾರ್ಟ್ ಮಾಡಬೇಡಿ, ಬೇರಿಂಗ್ ಹೋಗುತ್ತದೆ.

ಬಿಳಿ ಹೊಗೆಯೂ ಹಾಗೆಯೇ. ಡಿಸೆಂಬರ್ ಚಳಿಯಲ್ಲಿ ಎಲ್ಲ ಗಾಡಿಯೂ ಹಬೆ ಬಿಡುತ್ತದೆ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ಮಾತ್ರ ಲೆಕ್ಕ. ಕೂಲೆಂಟ್ ಹಾಕಿದ್ದರೆ ಹೊಗೆಗೆ ಸಿಹಿ ವಾಸನೆ ಇರುತ್ತದೆ, ಬರೀ ನೀರು ಹಾಕಿದ್ದರೆ ಇರುವುದಿಲ್ಲ. 800ರಲ್ಲಿ ಮೂರು ಸಿಲಿಂಡರ್; ಮೂರರ ಸ್ಪಾರ್ಕ್ ಪ್ಲಗ್ ಬಿಚ್ಚಿ ಸಾಲಾಗಿ ಇಡಿ. ಎರಡು ಕಂದು ಬಣ್ಣಕ್ಕಿದ್ದು ಒಂದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿದ್ದರೆ ನೀರು ಹೋಗುತ್ತಿರುವ ಸಿಲಿಂಡರ್ ಅದೇ ಇರಬಹುದು.

ಬೆಳಗ್ಗೆ ಕೀ ತಿರುಗಿಸಿದಾಗ ಸ್ಟಾರ್ಟರ್ "ಧಡ್" ಅಂತ ನಿಂತುಬಿಟ್ಟರೆ ಮತ್ತೆ ಮತ್ತೆ ಹೊಡೆಯಬೇಡಿ, ತಳ್ಳಿ ಸ್ಟಾರ್ಟ್ ಮಾಡುವುದಂತೂ ಬೇಡವೇ ಬೇಡ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಪ್ಲಗ್ ಬಿಚ್ಚಿ ದೂರ ನಿಂತು ಕ್ರ್ಯಾಂಕ್ ಮಾಡಿಸಿ, ನೀರಿದ್ದರೆ ಹಾರಿ ಬರುತ್ತದೆ.

ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಷನ್ ಗೇಜ್ ಇರುವ ಗ್ಯಾರೇಜ್ ಸಿಕ್ಕರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತದೆ. ಬ್ಯಾಟರಿ ಫುಲ್ ಚಾರ್ಜ್ ಇರಬೇಕು, ಮೂರೂ ಪ್ಲಗ್ ಹೊರಗಿರಬೇಕು, ಇಗ್ನಿಷನ್ ಕಾಯಿಲ್ ವೈರ್ ಕಳಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ನನ್ನ ಗಾಡಿಯಲ್ಲಿ ಒಂದನೆಯ ಸಿಲಿಂಡರ್ 160 ಚಿಲ್ಲರೆ ಪಿಎಸ್‌ಐ ತೋರಿಸಿತು, ಎರಡನೆಯದೂ ಮೂರನೆಯದೂ 100 ದಾಟಲಿಲ್ಲ. ಪಕ್ಕಪಕ್ಕದ ಎರಡೂ ಹೀಗೆ ಒಟ್ಟಿಗೆ ಬಿದ್ದರೆ ನಡುವಿನ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಜಾಸ್ತಿ. ಖಾತ್ರಿಗೆ ಎರಡಕ್ಕೂ ಒಂದೊಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದೆವು. ನಂಬರ್ ಏರಲಿಲ್ಲ. ಏರಿದ್ದರೆ ಅನುಮಾನ ಪಿಸ್ಟನ್ ರಿಂಗ್ ಕಡೆಗೆ ಹೋಗುತ್ತಿತ್ತು. ರೇಡಿಯೇಟರ್ ಗುಳ್ಳೆಯೂ ಅದಕ್ಕೆ ಸಾಕ್ಷಿ ಹೇಳಿತು. ಆಮೇಲೇ ಇಳಿಸಲು ಹೇಳಿದ್ದು.

ಇನ್ನೊಂದು ಪರೀಕ್ಷೆ ನೀಲಿ ದ್ರಾವಣದ್ದು. ರೇಡಿಯೇಟರ್ ಬಾಯಿಯ ಗಾಳಿಯನ್ನು ಅದರೊಳಗೆ ಹಾಯಿಸಿದಾಗ ಪೆಟ್ರೋಲ್ ಗಾಡಿಯಲ್ಲಿ ಅದು ಹಳದಿಯಾದರೆ ಸುಟ್ಟ ಗ್ಯಾಸು ಬೆರೆತಿದೆ ಅಂತ. ಕೂಲೆಂಟನ್ನೇ ಎಳೆದುಕೊಂಡರೆ ದ್ರಾವಣ ಕೆಡುತ್ತದೆ, ಮೊದಲು ಮಟ್ಟ ಸ್ವಲ್ಪ ಇಳಿಸಿಕೊಳ್ಳಿ.

ಸೋರುವುದು ನಿಲ್ಲಲು ರೇಡಿಯೇಟರಿಗೆ ಅರಿಶಿನ ಪುಡಿ, ಸೀಲರ್ ಪುಡಿ ಹಾಕಿ ಅನ್ನುವವರು ಸಿಗುತ್ತಾರೆ. ಅರಿಶಿನ ಸಾರಿಗೆ ಇರಲಿ. ಸಣ್ಣ ಟ್ಯೂಬುಗಳು ಕಟ್ಟಿಕೊಂಡರೆ ಗಾಡಿ ಇನ್ನೂ ಬಿಸಿಯಾಗುತ್ತದೆ.

ಹೆಡ್ ಇಳಿಸುವುದೇ ಆದರೆ ಎದುರಿಗಿರಿ. ಹೆಡ್‌ನ ತಳದ ಮೇಲೆ ನೇರ ಪಟ್ಟಿ ಇಟ್ಟು, ಅದರಡಿಯ ಸಂದಿಗೆ ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡು) ತೂರಿಸಿ ನೋಡಲಿ. ಸಂದು 0.05 ಮಿಲಿಮೀಟರ್ ದಾಟಿದರೆ ಫೇಸಿಂಗ್, ಅಂದರೆ ತಳ ಮಟ್ಟಸ ಮಾಡಿಸುವ ಕೆಲಸ ಬೇಕು. ಹಳೆ ಗ್ಯಾಸ್ಕೆಟನ್ನು ಕೈಗೆ ತೆಗೆದುಕೊಂಡು ಬೆಳಕಿಗೆ ಹಿಡಿಯಿರಿ. ಸೋರಿದ ಜಾಗದಲ್ಲಿ ಸಾಮಾನ್ಯವಾಗಿ ಕಪ್ಪು ಗೆರೆ ಇರುತ್ತದೆ. ಎಲ್ಲೂ ಗುರುತೇ ಇಲ್ಲದಿದ್ದರೆ ಹೆಡ್‌ನಲ್ಲೇ ಬಿರುಕಿರಬಹುದು. ಅದನ್ನು ಪ್ರೆಷರ್ ಟೆಸ್ಟ್‌ಗೆ ಕಳಿಸದೆ ಹೊಸ ಗ್ಯಾಸ್ಕೆಟ್ ಕೂರಿಸಲು ಒಪ್ಪಬೇಡಿ.