ಬಲಕ್ಕೆ ತಿರುಗಬೇಡಿ ಅಂತ ರಸ್ತೆಯೇ ಹೇಳಬೇಕು

ಬೋರ್ಡ್ ಇತ್ತು. ಕೆಂಪು ಸುತ್ತಿನೊಳಗೆ ಬಲಕ್ಕೆ ತಿರುಗಿದ ಬಾಣ, ಅದರ ಮೇಲೊಂದು ಅಡ್ಡಗೆರೆ. ಅದರ ಕೆಳಗೇ ಅರ್ಧ ಗಂಟೆ ನಿಂತು ನೋಡಿದೆ. ಸ್ಕೂಟರ್, ಆಟೋ, ಕಾರು ಎಲ್ಲವೂ ಬಲಕ್ಕೆ ತಿರುಗಿ ಕ್ರಾಸ್ ಒಳಗೆ ನುಗ್ಗುತ್ತಲೇ ಇದ್ದವು. ಮುಂದಿನ ಸಿಗ್ನಲ್ ತಪ್ಪಿಸೋಕೆ ಅದೇ ಹತ್ತಿರದ ದಾರಿ. ಶಾಲೆ ಮಕ್ಕಳು ರಸ್ತೆ ದಾಟುವುದೂ ಅಲ್ಲೇ.

ನಾನು ಬೆಂಗಳೂರಿನಲ್ಲಿ ರಸ್ತೆ ವಿನ್ಯಾಸದ ಕೆಲಸ ಮಾಡುತ್ತೇನೆ. ನಾವು ಎಡಗಡೆ ಓಡಿಸುವವರು, ಹಾಗಾಗಿ ಬಲಕ್ಕೆ ತಿರುಗಬೇಕು ಅಂದರೆ ಎದುರಿನಿಂದ ಬರುವವರಿಗೆ ಅಡ್ಡ ಹೋಗಲೇಬೇಕು. ಮೂರು ದಾರಿ ಕೂಡುವ ಕಡೆ ಗಾಡಿಗಳ ದಾರಿಗಳು ಒಂದಕ್ಕೊಂದು ಅಡ್ಡ ಬರುವ, ಸೇರುವ ಇಲ್ಲವೇ ಬೇರೆಯಾಗುವ ಜಾಗಗಳು 9. ಬಲ ತಿರುವುಗಳನ್ನು ಪೂರ್ತಿ ಮುಚ್ಚಿ, ಎಡಕ್ಕೆ ಒಳಗೆ ಹೋಗಿ ಎಡಕ್ಕೆ ಹೊರಗೆ ಬರುವ ಹಾಗೆ ಮಾಡಿದರೆ ಉಳಿಯುವುದು ಬರೀ 2.

ಏಪ್ರಿಲ್‌ನಲ್ಲಿ ಒಂದು ಬೆಳಗ್ಗೆ ಬೇಗ ಹೋದೆ. ರಸ್ತೆ ತುಂಬಾ ಹೊಂಗೆ ಹೂವು ಉದುರಿತ್ತು. ಚಕ್ರ ಹಾಯ್ದ ಕಡೆ ಹೂವು ಅರೆದು ಕಪ್ಪಾಗಿತ್ತು, ಕ್ರಾಸ್ ಬಾಯಿಯ ಎರಡೂ ಮೂಲೆಯಲ್ಲಿ ಮಾತ್ರ ಬಿಳಿ ಹಾಸಿಗೆ ಹಾಸಿದ ಹಾಗೆ ಹಾಗೇ ಇತ್ತು. ಅಂದರೆ ಅಷ್ಟು ಜಾಗ ಯಾವ ಗಾಡಿಗೂ ಬೇಕಿರಲಿಲ್ಲ. ಆ ಅಂಚಿಗೇ ಸುಣ್ಣದ ಪುಡಿಯಲ್ಲಿ ಗೆರೆ ಎಳೆದೆ. ಅಲ್ಲಿಯವರೆಗೂ ಫುಟ್‌ಪಾತ್ ತಂದೆವು, ಕ್ರಾಸ್ ಬಾಯಿ ಕಿರಿದಾಯಿತು, ಎಡಕ್ಕೆ ತಿರುಗುವವರೂ ವೇಗ ಇಳಿಸಿದರು.

ಆಮೇಲೆ ಡಿವೈಡರ್‌ನ ತೆರೆದ ಜಾಗವನ್ನು ಕೋನ್ ಇಟ್ಟು ಮುಚ್ಚಿದೆವು. ನಡೆದು ದಾಟುವವರಿಗೆ, ಗಾಲಿಕುರ್ಚಿಗೆ ಅಂತ 1.2 ಮೀಟರ್ ಬಿಟ್ಟೆವು. ಆಟೋ ನಿಂತಿತು. ಸ್ಕೂಟರ್‌ಗಳು ಮಾತ್ರ ಆ ಸಂದಿಯಲ್ಲೇ ಸಲೀಸಾಗಿ ತೂರಿ ಹೋಗತೊಡಗಿದವು, ಅದೂ ಮಕ್ಕಳು ನಿಲ್ಲುವ ಜಾಗದಲ್ಲೇ! ಸಂದಿ ಇನ್ನೂ ಕಿರಿದು ಮಾಡೋಣ ಅಂದರೆ ಗಾಲಿಕುರ್ಚಿ ಹೋಗಲ್ಲ, ಅದನ್ನು ನಾನು ಒಪ್ಪುವ ಮಾತೇ ಇಲ್ಲ. ಅದೃಷ್ಟಕ್ಕೆ ಅಲ್ಲಿ ಡಿವೈಡರ್ ಸುಮಾರು ಮೂರು ಮೀಟರ್ ಅಗಲ ಇತ್ತು. ನೇರ ಸಂದಿಯ ಬದಲು ಕಂಬಿ ಹಾಕಿ ದಾರಿಯನ್ನು ಸೊಟ್ಟ ಮಾಡಿದೆವು. ಅರ್ಧ ರಸ್ತೆ ದಾಟಿದವರು ಎಡಕ್ಕೆ ನಾಲ್ಕು ಹೆಜ್ಜೆ ನಡೆದು ಮತ್ತೆ ಬಲಕ್ಕೆ ತಿರುಗಿ ಇಳಿಯಬೇಕು. ಎಡಕ್ಕೇ ಯಾಕೆ ಅಂದರೆ, ಆ ನಾಲ್ಕು ಹೆಜ್ಜೆಯಲ್ಲಿ ಮುಂದೆ ದಾಟಬೇಕಾದ ಕಡೆಯಿಂದ ಬರುವ ಗಾಡಿಗಳು ಕಣ್ಣೆದುರಿಗೇ ಇರುತ್ತವೆ. ಗಾಲಿಕುರ್ಚಿ ತಿರುಗಲು ಒಂದೂವರೆ ಮೀಟರ್ ಸಾಕು. ಸ್ಕೂಟರ್ ಅಷ್ಟರಲ್ಲಿ ತಿರುಗಲ್ಲ, ಇಳಿದು ತಳ್ಳಬೇಕು.

ಇಷ್ಟಾದ ಮೇಲೆ ಹೊಸ ತೊಂದರೆ ಶುರುವಾಯಿತು, ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಕ್ರಾಸ್‌ನಿಂದ ಹೊರಬಂದು ಬಲಕ್ಕೆ ಹೋಗಬೇಕಾದವರು ರಾಂಗ್ ಸೈಡಲ್ಲಿ ಓಡಿಸತೊಡಗಿದರು. ಯೂ ಟರ್ನ್ ಇದ್ದದ್ದು ಸುಮಾರು ಅರ್ಧ ಕಿಲೋಮೀಟರ್ ಆಚೆ. ಅವರನ್ನು ಸುಮ್ನೆ ಬೈದು ಏನು ಪ್ರಯೋಜನ? ಒಂದು ದಾರಿ ಮುಚ್ಚಿದವರು ಹತ್ತಿರದಲ್ಲೇ ಇನ್ನೊಂದು ಕೊಡಬೇಕು ಅಲ್ವಾ. ನೂರೈವತ್ತು ಮೀಟರ್ ದೂರದಲ್ಲಿ, ಅಡ್ಡರಸ್ತೆ ಯಾವುದೂ ಸೇರದ ಕಡೆ, ಯೂ ಟರ್ನ್ ತೆರೆಸಲು ಓಡಾಡಿದೆ. ಅದು ಬಂದ ಮೇಲೆ ರಾಂಗ್ ಸೈಡ್ ಬಹಳ ಕಡಿಮೆಯಾಯಿತು, ಪೂರ್ತಿ ನಿಂತಿಲ್ಲ.

ಕೋನ್ ತೆಗೆದು ಕಲ್ಲು ಕೂರಿಸಿದ್ದು ಅದಾದ ಮೇಲೆ. ಮೊದಲ ಮಳೆಗೆ ಮೂಲೆಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತು. ನಾವು ಮುಂದೆ ತಂದ ಫುಟ್‌ಪಾತ್ ಚರಂಡಿಗೆ ಹೋಗುವ ನೀರಿಗೆ ಅಡ್ಡ ಕೂತಿತ್ತು. ಮರುದಿನವೇ ಫುಟ್‌ಪಾತ್ ಅಂಚಿನ ಕಲ್ಲು ಎರಡು ಕಡೆ ಕತ್ತರಿಸಿ ನೀರಿಗೆ ದಾರಿ ಬಿಡಿಸಿದೆ.