ಕುದುರೆ ಮಸಾಜ್ ಕಲಿತಿದ್ದೀರಾ? ಗಿರಾಕಿ ಹುಡುಕುವುದು ಹೀಗೆ

ಕುದುರೆಗೆ ಮಸಾಜ್ ಮಾಡುವುದನ್ನು ಕಲಿತು, ಕಾರ್ಡು ಅಚ್ಚು ಹಾಕಿಸಿ, ಇನ್‌ಸ್ಟಾಗ್ರಾಂ ಪೇಜ್ ತೆರೆದು ಸುಮ್ನೆ ಕೂತರೆ ಫೋನ್ ಬರುವುದಿಲ್ಲ. ಮೊದಲ ನಾಲ್ಕು ತಿಂಗಳು ನಾನು ಹಾಗೇ ಕಾದಿದ್ದೆ. ಈ ಕೆಲಸದಲ್ಲಿ ಹೆಸರು ಹಬ್ಬುವುದು ಲಾಯದಿಂದ ಲಾಯಕ್ಕೆ, ಬಾಯಿಂದ ಬಾಯಿಗೆ.

ಮೊದಲು ನಿಮ್ಮ ಊರಿನ ಸುತ್ತ ಕುದುರೆ ಎಲ್ಲೆಲ್ಲಿವೆ ಅಂತ ಬರೆದಿಟ್ಟುಕೊಳ್ಳಿ. ನಮ್ಮ ಕಡೆ ಅಂದರೆ ಬೆಂಗಳೂರು ಟರ್ಫ್ ಕ್ಲಬ್, 1891ರಿಂದ ಇರುವ ಮೈಸೂರು ರೇಸ್ ಕ್ಲಬ್, ಕುಣಿಗಲ್ ಸ್ಟಡ್ ಫಾರ್ಮ್, ದೇವನಹಳ್ಳಿ ಕಡೆಯ ರೈಡಿಂಗ್ ಸ್ಕೂಲುಗಳು. ಹೊಸಬರು ರೈಡಿಂಗ್ ಸ್ಕೂಲಿನಿಂದಲೇ ಶುರು ಮಾಡಿ. ರೇಸ್ ಲಾಯಕ್ಕೆ ಗುರುತಿಲ್ಲದವರನ್ನು ಬಿಡುವುದಿಲ್ಲ. ಸ್ಕೂಲಿನ ಕುದುರೆ ದಿನಕ್ಕೆ ಮೂರು ನಾಲ್ಕು ಜನರನ್ನು ಹೊರುತ್ತದೆ, ಇನ್ನೂ ಕಲಿಯುತ್ತಿರುವ ಮಕ್ಕಳು ಸ್ಯಾಡಲ್ ಮೇಲೆ ಧಪ್ ಧಪ್ ಅಂತ ಕೂರುತ್ತಾರೆ, ಅದರ ಬೆನ್ನು ಬಿಗಿಯದೆ ಇರುತ್ತಾ? ಅಲ್ಲೇ ಸ್ವಂತ ಕುದುರೆ ಇಟ್ಟಿರುವ ಪೋಷಕರೂ ಸಿಗುತ್ತಾರೆ. ಬೆಂಗಳೂರಿನ ಫೌವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನ ಕುದುರೆ ಸವಾರಿಯಲ್ಲಿ ಬೆಳ್ಳಿ ಗೆದ್ದವರು. ಅವರನ್ನು ನೋಡಿ ಸವಾರಿಗೆ ಬಂದ ಮಕ್ಕಳ ಅಪ್ಪ ಅಮ್ಮಂದಿರೇ ನನ್ನ ಮೊದಲ ಗಿರಾಕಿಗಳು.

ಭಾಷಣ ಬೇಡ, ಒಂದು ಕುದುರೆ ಮೇಲೆ ಮಾಡಿ ತೋರಿಸಿ. ಸ್ಯಾಡಲ್ ಕೂರುವ ಜಾಗದ ಹಿಂದೆ, ಬೆನ್ನುಮೂಳೆಯ ಪಕ್ಕ, ಎರಡು ಬೆರಳು ನಿಧಾನವಾಗಿ ಒತ್ತುತ್ತಾ ಹೋಗಿ. ನೋವಿರುವ ಕಡೆ ಬೆನ್ನು ಕೆಳಗೆ ತಗ್ಗುತ್ತದೆ, ಕಿವಿ ಹಿಂದಕ್ಕೆ ಹೋಗುತ್ತದೆ. ಮಾಲೀಕರ ಕೈಯನ್ನೂ ಅಲ್ಲೇ ಇಡಿಸಿ, ಆ ಗಟ್ಟಿತನ ಅವರಿಗೂ ತಿಳಿಯಲಿ. ಆಮೇಲೆ ಕೆಲಸ ಶುರು ಮಾಡಿ. ಸ್ವಲ್ಪ ಹೊತ್ತಿಗೆ ತಲೆ ಇಳಿಯುತ್ತದೆ, ಕೆಳದುಟಿ ಜೋತುಬೀಳುತ್ತದೆ, ನಾಲಿಗೆ ಚಪ್ಪರಿಸುತ್ತದೆ, ಕೆಲವು ಕುದುರೆಗಳು ದೊಡ್ಡದಾಗಿ ಆಕಳಿಸುತ್ತವೆ. ಇವೆಲ್ಲ ಮೈ ಸಡಿಲವಾಗುತ್ತಿರುವ ಗುರುತು. ಆಗ ನೀವು ಏನೂ ಮಾತಾಡಬೇಡಿ. ಮುಗಿದ ಮೇಲೆ ಮತ್ತೆ ಅದೇ ಜಾಗಕ್ಕೆ ಅವರ ಕೈ ಇಡಿಸಿ.

ಮಾಲೀಕರು ಬರುವುದು ವಾರಕ್ಕೊಮ್ಮೆ. ಬೆಳಗಿನ ಜಾವದಿಂದ ಕುದುರೆ ಜೊತೆ ಇರುವವನು ಸಯಿಸ್, ಅಂದರೆ ಕುದುರೆ ನೋಡಿಕೊಳ್ಳುವ ಆಳು. ಅವನನ್ನು ದಾಟಿ ಹೋಗಬೇಡಿ. "ಯಾವ ಕಡೆ ತಿರುಗೋಕೆ ಹಟ ಮಾಡುತ್ತೆ? ಬೆಲ್ಟ್ ಬಿಗಿಯುವಾಗ ಕಚ್ಚೋಕೆ ಬರುತ್ತಾ?" ಅಂತ ಮೊದಲು ಅವನನ್ನೇ ಕೇಳಿ. ಕ್ಯಾರೆಟ್ ತೋರಿಸಿ ಕುತ್ತಿಗೆ ಹಿಗ್ಗಿಸುವುದನ್ನು ಹೇಳಿಕೊಡಿ. ಈಗ ನನಗೆ ಬರುವ ಫೋನುಗಳಲ್ಲಿ ಜಾಸ್ತಿ ಪಾಲು ಸಯಿಸ್‌ಗಳದ್ದೇ.

ಇನ್ನು ಮಾತಿನ ವಿಷಯ. "ಗುಣಪಡಿಸುತ್ತೇನೆ", "ಕುಂಟು ಹೋಗಿಸುತ್ತೇನೆ" ಅಂತ ಎಲ್ಲೂ ಬರೆಯಬೇಡಿ. 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆ ಪ್ರಕಾರ ಪಶುವೈದ್ಯಕೀಯ ಚಿಕಿತ್ಸೆ ನೋಂದಾಯಿತ ವೈದ್ಯರ ಕೆಲಸ. ಜ್ವರ, ಗಾಯ, ಊತ, ಕುಂಟು ಕಂಡರೆ ಮುಟ್ಟದೆ ಡಾಕ್ಟರನ್ನು ಕರೆಸಲು ಹೇಳಿ, ಆವತ್ತಿನ ದುಡ್ಡು ಹೋದರೂ ಪರವಾಗಿಲ್ಲ. ಹಾಗೆ ಎರಡು ಸಲ ವಾಪಸ್ ಬಂದ ಮೇಲೆ ಆ ಡಾಕ್ಟರೇ ನನ್ನ ನಂಬರ್ ಬೇರೆಯವರಿಗೆ ಕೊಟ್ಟರು.

ಒಂದು ತಪ್ಪನ್ನು ದಯವಿಟ್ಟು ನೀವು ಮಾಡಬೇಡಿ. ಕಷ್ಟಪಟ್ಟು ಒಂದು ರೇಸ್ ಲಾಯಕ್ಕೆ ಕಾಲಿಟ್ಟಾಗ, ಒಳ್ಳೆ ಕುದುರೆಯೊಂದರ ವಿಡಿಯೋ ಹಾಕಿ "ಎಡಬೆನ್ನು ಬಿಗಿದಿತ್ತು, ಈಗ ಸಡಿಲವಾಗಿದೆ" ಅಂತ ಬರೆದೆ. ಮರುದಿನವೇ ಬರಬೇಡ ಅಂದರು. ರೇಸ್ ಕುದುರೆಯ ಮೈ ಹೇಗಿದೆ ಅನ್ನುವುದರ ಮೇಲೆ ಬೆಟ್ಟಿಂಗ್ ನಡೆಯುತ್ತದೆ, ಆ ಸುದ್ದಿ ಲಾಯದಿಂದ ಹೊರಗೆ ಬರಲೇಬಾರದು. ತಪ್ಪು ನನ್ನದೇ. ಈಗ ವಿಡಿಯೋ ಹಾಕುವುದು ಸ್ಕೂಲ್ ಕುದುರೆಗಳದ್ದು ಮಾತ್ರ, ಅದೂ ಒಪ್ಪಿಗೆ ಕೇಳಿಯೇ.

ಪುಕ್ಕಟೆ ಮಾಡಬೇಡಿ, ಮೊದಲ ಸಲಕ್ಕೆ ಅರ್ಧ ದರ ಸಾಕು. ಗೂಗಲ್ ಮ್ಯಾಪ್‌ನಲ್ಲಿ ಹೆಸರು ಸೇರಿಸಿ, ಹತ್ತು ನಿಮಿಷದ ಕೆಲಸ. ಒಂದು ಲಾಯದಿಂದ ಇನ್ನೊಂದಕ್ಕೆ ಹೋಗುವಾಗ ಕೈ ತೊಳೆದು, ಟವೆಲ್ ಬದಲಾಯಿಸಿ. ಗ್ಲಾಂಡರ್ಸ್ ಅನ್ನುವ ಅಂಟುರೋಗ ಕುದುರೆಯಿಂದ ಮನುಷ್ಯರಿಗೂ ಬರುತ್ತದೆ, ನಿಮ್ಮ ಶುಚಿಯನ್ನು ಎಲ್ಲರೂ ಗಮನಿಸುತ್ತಿರುತ್ತಾರೆ.

ಕೊನೆಯದಾಗಿ, ಕಾಗದದ ಮೇಲೆ ಕುದುರೆಯ ಚಿತ್ರ ಬರೆದು, ಬಿಗಿ ಇದ್ದ ಕಡೆ ಕೆಂಪು ಗುರುತು ಹಾಕಿ, ಅದೇ ಸಂಜೆ ಮಾಲೀಕರಿಗೆ ವಾಟ್ಸಾಪ್ ಮಾಡಿ. ಮೂರು ವಾರ ಬಿಟ್ಟು "ಆ ಎಡಭುಜ ಈಗ ಹೇಗಿದೆ?" ಅಂತ ಕೇಳಿ. ಎಷ್ಟೋ ಸಲ ಉತ್ತರದಲ್ಲೇ ಮುಂದಿನ ದಿನಾಂಕ ಇರುತ್ತದೆ.