ರಜೆಗೆ ಬಂದ ಮಕ್ಕಳಿಗೆ: ಬೆಣ್ಣೆ ದೋಸೆ ಹೋಟ್ಲು, ಮಂಡಕ್ಕಿ ಅಂಗಡಿ, ಏಳು ಸುತ್ತಿನ ಊಟ

ಏಪ್ರಿಲ್ ಬಂತು ಅಂದರೆ ದಾವಣಗೆರೆಯ ನಮ್ಮ ಮನೆ ತುಂಬ ಮಕ್ಕಳು. ತಂಗಿಯ ಮಕ್ಕಳು, ಭಾಮೈದನ ಮಕ್ಕಳು, ನಡುವೆ ನಮ್ಮದೊಂದು. ಮಗಳು ಬಿಟ್ಟರೆ ಉಳಿದವರಿಗೆಲ್ಲ ನಾನು ಮಾವ. ನನ್ನದು ಮೋಟಾರು ರಿವೈಂಡಿಂಗ್ ಅಂಗಡಿ. ಬೇಸಿಗೆಯಲ್ಲೇ ಬೋರ್‌ವೆಲ್ ಮೋಟಾರುಗಳು ಸುಡೋದು, ಹಾಗಾಗಿ ಮಕ್ಕಳ ಜೊತೆ ದಿನವಿಡೀ ಕೂರೋಕೆ ನನಗೆ ಆಗಲ್ಲ. ಬೆಳಗ್ಗೆ ಒಂದೆರಡು ತಾಸು, ಭಾನುವಾರ ಪೂರ್ತಿ, ಅಷ್ಟೇ. ಕೆಳಗೆ ಬರೆದಿರೋ ಅಡುಗೆ ಆಟಗಳೆಲ್ಲ ಅಷ್ಟು ಹೊತ್ತಿನಲ್ಲಿ ಶುರು ಮಾಡಿಕೊಟ್ಟು, ಮುಂದೆ ಅವರೇ ನಡೆಸಿಕೊಂಡು ಹೋಗುವಂಥವು.

ಚಪಾತಿಗೆ ಕಣ್ಣು, ಮೂಗು ಇಟ್ಟು ಕರಡಿ ಮಾಡೋದನ್ನು ಮೊಬೈಲಿನಲ್ಲಿ ಬೇಕಾದಷ್ಟು ತೋರಿಸುತ್ತಾರೆ. ದೊಡ್ಡವರು ಅರ್ಧ ಗಂಟೆ ಕೂತು ಕ್ಯಾರೆಟ್ ಕೆತ್ತುತ್ತಾರೆ. ಮಗು ಬಂದು ಮೂಗು ಕಿತ್ತು ತಿಂದು ಎದ್ದು ಹೋಗುತ್ತದೆ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಮಕ್ಕಳಿಗೆ ಬೇಕಾಗಿರೋದು ಕೆಲಸ. ಯಜಮಾನಿಕೆ ಇರೋ ಕೆಲಸ. ಒಬ್ಬ ಗಲ್ಲಾ ಮೇಲೆ, ಒಬ್ಬ ಸಪ್ಲೈಯರ್, ಒಬ್ಬಳು ಕೋಟೆ ಕಾವಲು. ಅಷ್ಟು ಕೊಟ್ಟುಬಿಟ್ಟರೆ ಹಾಗಲಕಾಯಿ ಪಲ್ಯವೂ ಖಾಲಿಯಾಗುತ್ತದೆ. ಸರಿ, ಹಾಗಲಕಾಯಿ ಸ್ವಲ್ಪ ಜಾಸ್ತಿ ಹೇಳಿದೆ.

ದೋಸೆ ಹೋಟ್ಲು

ಇದಕ್ಕೆ ಹಿಂದಿನ ದಿನವೇ ತಯಾರಿ ಬೇಕು. ದೋಸೆ ಅಕ್ಕಿ 4 ಲೋಟ, ಉದ್ದಿನಬೇಳೆ 1 ಲೋಟ, ಮೆಂತ್ಯ 1 ಚಮಚ. ತೊಳೆದು 4-5 ಗಂಟೆ ನೆನೆಸಿ. ರುಬ್ಬುವ ಹೊತ್ತಿಗೆ 2 ಲೋಟ ಮಂಡಕ್ಕಿಯನ್ನು ನೀರಿಗೆ ಹಾಕಿ, ಹಿಂಡಿ, ಅದನ್ನೂ ಸೇರಿಸಿ. ಮಂಡಕ್ಕಿ ಹಿಂಡೋ ಕೆಲಸ ಚಿಕ್ಕವರಿಗೇ ಮೀಸಲು. ಒಂದು ಬೋಗುಣಿ ತುಂಬ ಇದ್ದದ್ದು ಒಂದು ಹಿಡಿ ಆಗೋದನ್ನು ನೋಡಿ ಅವಕ್ಕೆ ಖುಷಿಯೋ ಖುಷಿ. ನಮ್ಮ ಕಡೆ ಬೇಸಿಗೆಯಲ್ಲಿ ಹಿಟ್ಟು 6-8 ಗಂಟೆಯಲ್ಲೇ ಹುದುಗು ಬರುತ್ತದೆ. ಸಂಜೆಯೇ ರುಬ್ಬಿಟ್ಟು ಮರೆತರೆ ಬೆಳಗ್ಗೆ ಹುಳಿ ದೋಸೆ. ರಾತ್ರಿ ಮಲಗುವ ಮುಂಚೆ ರುಬ್ಬಿ.

ಇನ್ನು ಬೆಣ್ಣೆ. ಅಂಗಡಿಯಿಂದ ತರಬೇಡಿ, ಅರ್ಧ ಮಜಾ ಇಲ್ಲೇ ಇರೋದು. ಒಂದು ವಾರ ಹಾಲಿನ ಕೆನೆ ತೆಗೆದು ಫ್ರಿಜ್‌ನಲ್ಲಿ ಕೂಡಿಡಿ. ಹಿಂದಿನ ಸಂಜೆ ಒಂದು ಚಮಚ ಮೊಸರು ಹಾಕಿ ಹೊರಗಿಟ್ಟು, ಹೆಪ್ಪಾದ ಮೇಲೆ ಮತ್ತೆ ಫ್ರಿಜ್‌ಗೆ. ಬೆಳಗ್ಗೆ ಮುಚ್ಚಳ ಗಟ್ಟಿ ಇರೋ ಪ್ಲಾಸ್ಟಿಕ್ ಡಬ್ಬಿಗೆ ಮೂರನೇ ಒಂದು ಭಾಗದಷ್ಟು ಕೆನೆ, ಸ್ವಲ್ಪ ತಣ್ಣೀರು. ಗಾಜಿನ ಬಾಟಲಿ ಬೇಡ, ಬೀಳಿಸೋದು ಗ್ಯಾರಂಟಿ. ಡಬ್ಬಿ ಪೂರ್ತಿ ತುಂಬಿಸಲೂಬೇಡಿ. ಒಳಗೆ ಜಾಗ ಇದ್ದರೇ ಕೆನೆ ಅಪ್ಪಳಿಸೋದು.

ಸುತ್ತ ಕೂರಿಸಿ. ಒಬ್ಬೊಬ್ಬರು ಇಪ್ಪತ್ತು ಸಲ ಅಲ್ಲಾಡಿಸಿ ಪಕ್ಕದವರಿಗೆ ಕೊಡಬೇಕು. ಎಣಿಕೆ ಜೋರಾಗಿ. ಮೊದಮೊದಲು ಗುಳುಗುಳು ಸದ್ದು. ಆಮೇಲೆ ಕೆನೆ ಗಟ್ಟಿಯಾಗಿ ಡಬ್ಬಿಗೆ ಅಂಟಿಕೊಳ್ಳುತ್ತದೆ, ಸದ್ದು ನಿಂತೇ ಹೋಗುತ್ತದೆ. ಇಲ್ಲೇ ಮಕ್ಕಳು 'ಆಗ್ಲೇ ಇಲ್ಲ ಮಾವ' ಅಂತ ಕೈಬಿಡೋದು. ಬಿಡೋಕೆ ಬಿಡಬೇಡಿ. ಇನ್ನೊಂದೆರಡು ಸುತ್ತು ಹೋಗಲಿ. ಇದ್ದಕ್ಕಿದ್ದ ಹಾಗೆ ಒಳಗೆ ದಬ್ ದಬ್ ಅಂತ ಏನೋ ಬಡಿಯುತ್ತದೆ. ಮುಚ್ಚಳ ತೆಗೆದರೆ ಬೆಣ್ಣೆ ಒಂದು ಕಡೆ, ಮಜ್ಜಿಗೆ ಒಂದು ಕಡೆ. ಒಟ್ಟು 10-20 ನಿಮಿಷದ ಆಟ. ಮಧ್ಯಾಹ್ನ ಮಾತ್ರ ಮಾಡಬೇಡಿ. ನಮ್ಮ ಊರಿನ ಸೆಕೆಗೆ ಬೆಣ್ಣೆ ಮುದ್ದೆ ಕಟ್ಟದೆ ಎಣ್ಣೆಯ ಹಾಗೆ ತೇಲುತ್ತದೆ. ತಣ್ಣೀರಲ್ಲಿ ಎರಡು ಸಲ ತೊಳೆದು ಉಂಡೆ ಮಾಡಿ. ಮಜ್ಜಿಗೆಗೆ ಉಪ್ಪು, ಶುಂಠಿ, ಕೊತ್ತಂಬರಿ. ಹೋಟ್ಲಿಗೆ ಬಂದವರಿಗೆಲ್ಲ ಒಂದೊಂದು ಲೋಟ ಪುಕ್ಕಟೆ.

ಪಲ್ಯ ಸುಲಭ. ಬೇಯಿಸಿದ ಆಲೂಗಡ್ಡೆ ಕಿವುಚಿ, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು. ಅರಿಶಿನ ಹಾಕಬೇಡಿ. ಬೆಣ್ಣೆ ದೋಸೆಯ ಪಲ್ಯ ಬೆಳ್ಳಗೇ ಇರಬೇಕು, ಈ ವಿಷಯದಲ್ಲಿ ದಾವಣಗೆರೆಯವನಾಗಿ ನಾನು ರಾಜಿ ಆಗಲ್ಲ. ಚಟ್ನಿಗೆ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ. ತೆಳ್ಳಗಿರಲಿ.

ಈಗ ಹೋಟ್ಲು ತೆರೆಯಿರಿ. ಓದು ಬರಹ ಬರೋ ಮಗುವಿಗೆ ಚೀಟಿ ಪುಸ್ತಕ, ಪೆನ್ಸಿಲ್. ಹಳೇ ರಟ್ಟಿನ ಮೇಲೆ ಬೋರ್ಡು: ಬೆಣ್ಣೆ ದೋಸೆ, ಓಪನ್ ದೋಸೆ, ಖಾಲಿ ದೋಸೆ. ರೇಟು ಅವರೇ ಹಾಕಲಿ. ನಮ್ಮಲ್ಲಿ ಒಂದು ಸಲ ಖಾಲಿ ದೋಸೆಗೆ ಬೆಣ್ಣೆ ದೋಸೆಗಿಂತ ಜಾಸ್ತಿ ರೇಟು ಇತ್ತು. ಯಾಕೆ ಅಂದರೆ 'ಖಾಲಿ ಆದ್ಮೇಲೆ ಸಿಗಲ್ಲ ಅಲ್ವಾ' ಅಂದಳು ಗಲ್ಲಾ ಮೇಲಿದ್ದವಳು. ಖಾಲಿ ದೋಸೆ ಅಂದರೆ ಒಳಗೆ ಪಲ್ಯ ಇಲ್ಲದ ಮೆತ್ತನೆಯದು, ಓಪನ್ ಅಂದರೆ ಮಡಿಸದೆ ಮೇಲೆಯೇ ಪಲ್ಯ, ಬೆಣ್ಣೆ ಇಟ್ಟದ್ದು ಅಂತ ಹೊರಗಿನಿಂದ ಬಂದ ಮಕ್ಕಳಿಗೆ ಮೊದಲೇ ಹೇಳಿಕೊಡಿ.

ಕಾವಲಿ ಹತ್ತಿರ ದೊಡ್ಡವರೇ ನಿಲ್ಲಬೇಕು. ಹತ್ತು ವರ್ಷ ದಾಟಿದವರು ಪಕ್ಕದಲ್ಲಿ ನಿಂತು ಒಂದೆರಡು ದೋಸೆ ಹುಯ್ಯಲಿ. ಅದಕ್ಕಿಂತ ಚಿಕ್ಕವರು ಬೆಣ್ಣೆ ಉಂಡೆ ಇಡೋದಕ್ಕೆ, ಅದೂ ತಟ್ಟೆಗೆ ಬಂದ ಮೇಲೆ. ದುಡ್ಡು ರಟ್ಟಿನದು. ದುಡ್ಡಿಲ್ಲದೆ ತಿಂದವರು ಲೋಟ ತೊಳೆಯಬೇಕು. ನಾನು ಯಾವಾಗಲೂ ದುಡ್ಡಿಲ್ಲದೆಯೇ ಹೋಗೋದು. ಮಾವ ಲೋಟ ತೊಳೆಯೋದನ್ನು ನೋಡೋಕೆ ಉಳಿದವರು ಇನ್ನೊಂದು ದೋಸೆ ಜಾಸ್ತಿ ತಿನ್ನುತ್ತಾರೆ.

ಮಂಡಕ್ಕಿ ಅಂಗಡಿ, ತಕ್ಕಡಿ ಸಮೇತ

ಸಂಜೆಗೆ ಇದು. ಇಲ್ಲಿ ಅಡುಗೆಗಿಂತ ತಕ್ಕಡಿ ಮುಖ್ಯ. ಒಂದೇ ಗಾತ್ರದ ಎರಡು ತೆಂಗಿನ ಚಿಪ್ಪು ತೆಗೆದುಕೊಳ್ಳಿ. ಒಂದೊಂದಕ್ಕೂ ಅಂಚಿನಲ್ಲಿ ಮೂರು ತೂತು, ಕಾದ ಮೊಳೆಯಿಂದ ನೀವೇ ಹಾಕಿಕೊಡಿ. ದಾರ ಕಟ್ಟಿ ಒಂದು ಅಡಿ ಸ್ಕೇಲಿನ ಎರಡು ತುದಿಗೆ ತೂಗುಹಾಕಿ. ನಡುವೆ 15 ಸೆಂಟಿಮೀಟರ್ ಗೆರೆಗೆ ಸರಿಯಾಗಿ ಹಿಡಿಯೋ ದಾರ. ಎರಡು ಚಿಪ್ಪು ಎಂದೂ ಒಂದೇ ತೂಕ ಇರಲ್ಲ. ಹಗುರ ಇರೋ ಕಡೆ ತಳಕ್ಕೆ ಚೂರು ಚಪಾತಿ ಹಿಟ್ಟು ಅಂಟಿಸಿ ಸಮ ಮಾಡಲು ಹೇಳಿ. ಇದಕ್ಕೇ ಅವರಿಗೆ ಅರ್ಧ ಗಂಟೆ ಹಿಡಿಯುತ್ತದೆ, ಹಿಡಿಯಲಿ.

ತೂಕದ ಬಟ್ಟು ಎಲ್ಲಿಂದ? ಒಡೆಯದ 50 ಗ್ರಾಂ ಜೀರಿಗೆ ಪ್ಯಾಕೆಟ್. ಮೊದಲು ಶೇಂಗಾ ತೂಗಲಿ, ಹುರಿಗಡಲೆ ತೂಗಲಿ. ಆಮೇಲೆ 'ಈಗ 50 ಗ್ರಾಂ ಮಂಡಕ್ಕಿ ಕೊಡಪ್ಪಾ' ಅಂತ ಕೇಳಿ ಸುಮ್ನೆ ನಿಂತುಬಿಡಿ. ಚಿಪ್ಪು ತುಂಬಿ, ಗೋಪುರವಾಗಿ, ನೆಲಕ್ಕೆ ಉದುರಿದರೂ ತಕ್ಕಡಿ ಜೀರಿಗೆ ಕಡೆಗೇ ವಾಲಿರುತ್ತದೆ. ಮಂಡಕ್ಕಿಗೆ ತಕ್ಕಡಿ ಅಲ್ಲ, ಅಳತೆ ಲೋಟ ಸರಿ ಅಂತ ಅವರೇ ಕಂಡುಕೊಳ್ಳುತ್ತಾರೆ. ನೀವು ಬಾಯಿ ಬಿಡಬೇಡಿ.

ಖಾರ ಮಂಡಕ್ಕಿಗೆ ಒಗ್ಗರಣೆ ನೀವು ಮಾಡಿ: 3 ಚಮಚ ಎಣ್ಣೆ, ಸಾಸಿವೆ, ಶೇಂಗಾ, ಬೆಳ್ಳುಳ್ಳಿ, ಕರಿಬೇವು, ಅರಿಶಿನ, ಉಪ್ಪು. ಆರಿದ ಮೇಲೆ 8 ಲೋಟ ಮಂಡಕ್ಕಿಗೆ ಕಲಸಿ. ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಹುರಿಗಡಲೆ ಪುಡಿ, ನಿಂಬೆಹಣ್ಣು ಬೇರೆ ಬೇರೆ ಬಟ್ಟಲಲ್ಲಿ ಇರಲಿ, ಗಿರಾಕಿ ಬಂದಾಗ ಕಲಸಿ ಕೊಡೋದು. ಮೊದಲೇ ಕಲಸಿಟ್ಟರೆ ಮೆತ್ತಗಾಗಿ ಯಾರೂ ತಿನ್ನಲ್ಲ. ಪೊಟ್ಟಣಕ್ಕೆ ನ್ಯೂಸ್‌ಪೇಪರ್ ಬೇಡ, ಶಾಯಿ ತಿಂಡಿಗೆ ಹತ್ತುತ್ತದೆ. ಬಾಳೆ ಎಲೆಯ ತುಂಡಿನಲ್ಲಿ ಕೊಟ್ಟರಾಯಿತು. ನಮ್ಮೂರಲ್ಲಿ ಮಂಡಕ್ಕಿ ಅಂದಮೇಲೆ ಜೊತೆಗೆ ಮೆಣಸಿನಕಾಯಿ ಬಜ್ಜಿ ಇರಲೇಬೇಕು, ಮಕ್ಕಳಿಗೆ ಅದೇ ಹಿಟ್ಟಿನಲ್ಲಿ ಬಾಳೆಕಾಯಿ ಅದ್ದಿ. ಐದು ವರ್ಷದೊಳಗಿನ ಮಗು ಇದ್ದರೆ ಅದರ ಪಾಲಿಗೆ ಇಡೀ ಶೇಂಗಾ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿ ಉದುರಿಸಿ.

ಏಳು ಸುತ್ತಿನ ಊಟ

ನನಗೆ ತುಂಬಾ ಇಷ್ಟವಾದದ್ದು ಇದು: ಚಿತ್ರದುರ್ಗದ ಏಳು ಸುತ್ತಿನ ಕೋಟೆಯನ್ನು ಊಟದಲ್ಲೇ ತಟ್ಟೆಯ ಮೇಲೆ ಕಟ್ಟಿ ತಿನ್ನೋದು. ಚಿತ್ರದುರ್ಗ ನಮಗೆ ಸುಮಾರು 60 ಕಿಲೋಮೀಟರ್. ಮೊದಲು ಕೋಟೆಗೆ ಕರೆದುಕೊಂಡು ಹೋಗಿ. ಬಿಸಿಲು ಏರುವ ಮುಂಚೆ ಹತ್ತಿ ಇಳಿದುಬಿಡಿ. ಅಲ್ಲಿ ನಾಲ್ಕು ವಿಷಯ ಮಾತ್ರ ನೋಡಿಕೊಂಡು ಬರಲು ಹೇಳಿ. ಬಾಗಿಲುಗಳು ಹೇಗೆ ನೇರವಾಗಿಲ್ಲದೆ ತಿರುವು ತಿರುವಾಗಿವೆ. ತೋಪಿನ ಮದ್ದು ಬೀಸುವ ಕಲ್ಲು ಎಷ್ಟು ದೊಡ್ಡದು. ಎಣ್ಣೆ ಕೊಳ, ತುಪ್ಪದ ಕೊಳ ಎಲ್ಲಿವೆ. ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಕೆಳಗೆ ಅಕ್ಕ-ತಂಗಿ ಹೊಂಡಕ್ಕೆ ಹೇಗೆ ಹರಿಯುತ್ತದೆ. ಈ ನಾಲ್ಕೂ ಮರುದಿನ ತಟ್ಟೆಗೆ ಬರುತ್ತವೆ.

ಮದ್ದು ಅಂದರೆ ನಮ್ಮ ಶೇಂಗಾ ಚಟ್ನಿಪುಡಿ. ಹುರಿದ ಶೇಂಗಾ 2 ಲೋಟ. ಮಕ್ಕಳು ಅಂಗೈಯಲ್ಲಿ ಉಜ್ಜಿ ಸಿಪ್ಪೆ ಬಿಡಿಸಿ, ಅಂಗಳದಲ್ಲಿ ಮೊರ ಹಿಡಿದು ಊದಲಿ. ಮನೆಯೊಳಗೆ ಊದಿದರೆ ಆಮೇಲೆ ನನ್ನ ಹೆಂಡತಿ ನಿಮ್ಮನ್ನೂ ಬೈತಾಳೆ. ಹುರಿದ ಬ್ಯಾಡಗಿ ಮೆಣಸಿನಕಾಯಿ 6, ಬೆಳ್ಳುಳ್ಳಿ 8 ಎಸಳು, ಜೀರಿಗೆ, ಉಪ್ಪು, ಚೂರು ಬೆಲ್ಲ. ಮೆಣಸಿನಕಾಯಿ ಮಾತ್ರ ನೀವು ಮಿಕ್ಸಿಗೆ ಹಾಕಿ ಪುಡಿ ಮಾಡಿಕೊಡಿ, ಆ ಕೈ ಕಣ್ಣಿಗೆ ಹೋದರೆ ಆಟ ಅಲ್ಲಿಗೇ ಮುಗಿಯಿತು. ಉಳಿದದ್ದು ಒರಳಿನಲ್ಲಿ ಒನಕೆಯಿಂದ, ಅಥವಾ ಚಿಕ್ಕ ಕುಟ್ಟಾಣಿಯಲ್ಲಿ. ಜಾಸ್ತಿ ಕುಟ್ಟಿದರೆ ಎಣ್ಣೆ ಬಿಟ್ಟು ಉಂಡೆಯಾಗುತ್ತದೆ, ತರಿತರಿ ಇರುವಾಗಲೇ ನಿಲ್ಲಿಸಿ.

ಕುಟ್ಟುವಾಗ ಓಬವ್ವನ ಕಥೆ ಹೇಳಬೇಕು. ಇದಕ್ಕಿಂತ ಒಳ್ಳೆ ಸಮಯ ಸಿಗಲ್ಲ. ಗಂಡ ಕಹಳೆ ಮುದ್ದ ಹನುಮಪ್ಪ ಕಾವಲು ಬಿಟ್ಟು ಮನೆಗೆ ಊಟಕ್ಕೆ ಬಂದಿದ್ದಾನೆ. ಅವನಿಗೆ ನೀರು ತರಲು ಹೋದವಳಿಗೆ ಬಂಡೆಯ ಕಿಂಡಿಯಲ್ಲಿ ಹೈದರಾಲಿಯ ಸೈನಿಕರು ನುಸುಳೋದು ಕಾಣಿಸುತ್ತದೆ. ಗಂಡನನ್ನು ಊಟದಿಂದ ಎಬ್ಬಿಸದೆ ಒನಕೆ ಹಿಡಿದು ಕಿಂಡಿಯ ಪಕ್ಕ ನಿಲ್ಲುತ್ತಾಳೆ. ಆವತ್ತಿನ ಊಟ ಏನಿತ್ತು ಅಂತ ನಮ್ಮ ಮನೆಯಲ್ಲಿ ಪ್ರತಿ ಸಲ ಜಗಳ. ಮುದ್ದೆ ಅಂತ ದೊಡ್ಡವನು, ರೊಟ್ಟಿ ಅಂತ ಚಿನ್ನು. ಕೋಟೆ ಕೊನೆಗೂ ಹೈದರನ ವಶವಾಯಿತು, 1779ರಲ್ಲಿ, ಮದಕರಿ ನಾಯಕನ ಕಾಲಕ್ಕೆ. ಅದನ್ನೂ ಹೇಳಿ. ಮಕ್ಕಳಿಗೆ ಸೋತ ಕಥೆ ಹೇಳಬಾರದು ಅಂತೇನಿಲ್ಲ.

ಕಟ್ಟೋದು ಹೀಗೆ. ದೊಡ್ಡ ಹರಿವಾಣ ಇದ್ದರೆ ಏಳು ಸುತ್ತು, ಸಾಧಾರಣ ಊಟದ ತಟ್ಟೆಯಾದರೆ ಮೂರು ಸಾಕು. ನಡುವೆ ಗುಡ್ಡ: ಬಿಸಿ ಮುದ್ದೆ, ಇಲ್ಲವೇ ಬಟ್ಟಲಿಗೆ ಒತ್ತಿ ಬೋರಲು ಹಾಕಿದ ಅನ್ನ. ತುದಿಯಲ್ಲಿ ಬೆರಳಿನಿಂದ ಗುಳಿ, ಅದೇ ತುಪ್ಪದ ಕೊಳ. ಒಂದು ಸುತ್ತು ಚಿತ್ರಾನ್ನ, ಒಂದು ಸುತ್ತು ಹೆಸರುಬೇಳೆ ಕೋಸಂಬರಿ, ಹೀಗೆ ಬದಲಿಸುತ್ತ ಹೋಗಿ. ಏಳು ಬಗೆ ಅಡುಗೆ ಮಾಡೋಕೆ ಹೋಗಬೇಡಿ, ಯಾರಿಗೆ ಬೇಕು ಆ ಕಷ್ಟ. ಸುತ್ತುಗಳ ನಡುವೆ ಒಂದು ಬೆರಳು ಸಂದು. ಪ್ರತಿ ಸುತ್ತಿಗೂ ಒಂದು ಬಾಗಿಲು ಒಡೆಯಬೇಕು, ಆದರೆ ಒಂದರ ಬಾಗಿಲು ಇನ್ನೊಂದರ ಎದುರಿಗೆ ಬರಬಾರದು. ಯಾಕೆ ಅಂತ ಕೋಟೆ ನೋಡಿಬಂದವರು ಹೇಳುತ್ತಾರೆ: ನೇರ ಇದ್ದರೆ ಆನೆ ಓಡಿಬಂದು ಗುದ್ದಿಬಿಡುತ್ತದೆ.

ಕಡಲೆಕಾಳು ಒಂದು ಹೈದರನ ಸೈನಿಕ. ಸಂದಿನಲ್ಲೇ ತಳ್ಳಿಕೊಂಡು ಬಾಗಿಲು ಹುಡುಕುತ್ತ ಗುಡ್ಡ ಮುಟ್ಟಬೇಕು. ಗೋಡೆ ತಾಗಿದರೆ ತಾಗಿದಷ್ಟು ಗೋಡೆಯನ್ನು ತಿನ್ನಬೇಕು, ಚಟ್ನಿಪುಡಿ ಮದ್ದು ಹಚ್ಚಿ. ಸಾರು ಕೊನೆಗೆ. ಗುಡ್ಡದ ಬುಡದಲ್ಲಿ ಒಂದು ಹೊಂಡ, ಅದರ ಕೆಳಗೆ ಇನ್ನೊಂದು, ನಡುವೆ ಕಾಲುವೆ. ಮೇಲಿನದಕ್ಕೆ ಚಮಚದಲ್ಲಿ ಸಾರು ಹುಯ್ದರೆ ಕೆಳಗಿನದಕ್ಕೆ ಹರಿದು ಬರಬೇಕು. ಸಾರು ಮೊದಲೇ ಹಾಕಿದರೆ ಕೋಟೆ ಐದು ನಿಮಿಷದಲ್ಲಿ ಬಿಸಿಬೇಳೆ ಬಾತ್. ಹರಿವಾಣದಲ್ಲಿ ಎಲ್ಲರೂ ಒಟ್ಟಿಗೆ ತಿನ್ನೋದಾದರೆ ಕೈ ತೊಳೆಸಿ, ಒಬ್ಬೊಬ್ಬರಿಗೆ ಒಂದೊಂದು ದಿಕ್ಕು ಹಂಚಿ.

ಮಣ್ಣಿನ ಎತ್ತು

 

ಶಾಲೆ ಶುರುವಾದ ಮೇಲೆ, ಕಾರಹುಣ್ಣಿಮೆ ಕಳೆದು ಬರೋದು ಮಣ್ಣೆತ್ತಿನ ಅಮಾವಾಸ್ಯೆ, ಮಣ್ಣಿನ ಎತ್ತು ಮಾಡಿ ಪೂಜಿಸೋ ಹಬ್ಬ. ಮಾರುಕಟ್ಟೆಯಲ್ಲಿ ಬಣ್ಣ ಹಚ್ಚಿದ ಜೋಡಿ ಸಿಗುತ್ತದೆ, ತರಬೇಡಿ. ಕೆರೆಮಣ್ಣು ತಂದು ಕಲ್ಲು ಆರಿಸಿ ಒಂದು ರಾತ್ರಿ ನೆನೆಸಿ, ಚಪಾತಿ ಹಿಟ್ಟಿನ ಹದಕ್ಕೆ ನಾದಿಸಿ. ಒಲೆಯ ಪಕ್ಕದಲ್ಲಿ ಹೋಳಿಗೆ ಕಣಕ ನಾದುತ್ತಿರುವಾಗಲೇ ಇದೂ ನಡೆಯಲಿ, ಕೈ ಮಾತ್ರ ಅದಲು ಬದಲಾಗದಿರಲಿ. ಕಣ್ಣಿಗೆ ಗುಲಗಂಜಿ ಒತ್ತೋದು ಹಳೇ ರೂಢಿ. ಅದು ವಿಷದ ಬೀಜ, ಚಿಕ್ಕ ಮಕ್ಕಳಿರೋ ಮನೆಯಲ್ಲಿ ಬೇಡವೇ ಬೇಡ. ಜೋಳದ ಕಾಳು ಒತ್ತಿ. ಒಣಗಿಸೋದು ನೆರಳಲ್ಲಿ, ಬಿಸಿಲಿಗೆ ಇಟ್ಟರೆ ಬಿರುಕು ಬಿಡುತ್ತದೆ. ಮಕ್ಕಳು ಮಾಡೋ ಎತ್ತಿನ ಕಾಲು ಯಾವಾಗಲೂ ಸಣ್ಣ, ಹೊಟ್ಟೆ ದಪ್ಪ, ಒಣಗುವ ಮೊದಲೇ ಕುಸಿಯುತ್ತದೆ. ಒಳಗೆ ಪೊರಕೆ ಕಡ್ಡಿ ಚುಚ್ಚಿ ನಿಲ್ಲಿಸಿ. ಅದಕ್ಕೂ ನಿಲ್ಲದಿದ್ದರೆ ಕಾಲು ಮಡಿಸಿ ಮಲಗಿಸಿಬಿಡಿ, ಮೆಲುಕು ಹಾಕೋ ಎತ್ತು ಅಂತ ಪೂಜೆಗೆ ನಡೆಯುತ್ತದೆ.